ಅಪ್‌ಡೇಟ್: ಶಿರಸಿಯಿಂದ ಚಾಂಗ್‌ಪಾ ಡೇರೆಗೆ ಹೋಗಿ ಬಂದೆವು

ಮನಾಲಿ ಮಾರ್ಗವಾಗಿ ಲಡಾಖ್ ತಲುಪಿ, ಅಲೆಮಾರಿ ಚಾಂಗ್‌ಪಾ ಪಶುಪಾಲಕರ ಡೇರೆಯಲ್ಲಿ ಉಳಿಯುವುದು ಹೇಗೆ, ಶಿರಸಿಯವರಾದ ನಮಗೆ ಆ ಎತ್ತರ ಒಗ್ಗೀತೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸುಮಾರು 4,300 ಮೀಟರ್ ಎತ್ತರದ ಸರ್ಚುವಿನಲ್ಲಿ ಮಲಗದೆ, ಅದಕ್ಕಿಂತ ಸುಮಾರು ಸಾವಿರ ಮೀಟರ್ ತಗ್ಗಿನಲ್ಲಿರುವ ಜಿಸ್ಪಾದಲ್ಲಿ ತಂಗಿ, ಲೇಹ್‌ನಲ್ಲಿ ಸಾಕಷ್ಟು ವಿಶ್ರಮಿಸಿದ ಮೇಲೆಯೇ ತ್ಸೋ ಮೊರಿರಿ ಸರೋವರದ ಕಡೆಗೆ ಹೊರಡಿ ಎಂದು ಕಾರವಾರದ ಹಿರಿಯರೊಬ್ಬರು ಹೇಳಿದ್ದೇ ಎಲ್ಲಕ್ಕಿಂತ ಹೆಚ್ಚು ನೆರವಾಯಿತು. ಆಯಿಗೂ ತಲೆನೋವು ಬರಲಿಲ್ಲ. ನಕ್ಷೆಯಲ್ಲಿ ಗುರುತಿಸಿದ ಜಾಗಕ್ಕೆ ನೇರವಾಗಿ ಹೋಗಿ ಎಂಬ ಸಲಹೆ ಮಾತ್ರ ಫಲಿಸಲಿಲ್ಲ, ಏಕೆಂದರೆ ಡೇರೆಗಳು ಆಗಲೇ ಬೇರೆ ಹುಲ್ಲುಗಾವಲಿಗೆ ಸಾಗಿದ್ದವು. ಕೊನೆಗೆ ಕೊರ್ಜೋಕ್‌ನಲ್ಲಿ ನಮಗೆ ವಸತಿ ಕೊಟ್ಟ ಮನೆಯವರೇ ತಮ್ಮ ನೆಂಟರ ಡೇರೆಗೆ ಕರೆದೊಯ್ದರು.

ಯಾಕ್ ಕೂದಲಿನಿಂದ ನೇಯ್ದ ಆ ‘ರೆಬೊ’ದಲ್ಲಿ ಉಪ್ಪು, ಬೆಣ್ಣೆ ಹಾಕಿದ ಚಹಾ, ಹುರಿದ ಬಾರ್ಲಿಯ ಹಿಟ್ಟು ಮತ್ತು ಮೊಸರು ಸಿಗುತ್ತಿದ್ದುದರಿಂದ ಸಸ್ಯಾಹಾರಿಗಳಾದ ನಮಗೆ ತೊಂದರೆಯಾಗಲಿಲ್ಲ. ನನಗೆ ಹೊಸದೆನಿಸಿದ ಸಂಗತಿಯೆಂದರೆ, ಮೇಕೆಗಳ ನವಿರಾದ ಉಣ್ಣೆಯಾದ ಪಶ್ಮೀನಾವನ್ನು ಅವರು ಕತ್ತರಿಸುವುದಿಲ್ಲ. ಚಳಿಗಾಲ ಕಳೆದ ಮೇಲೆ ತಾನಾಗಿ ಸಡಿಲಗೊಳ್ಳುವ ಒಳರೋಮವನ್ನು ಬಾಚಿ ತೆಗೆಯುತ್ತಾರೆ. ಹಾಲು ಕರೆಯುವಾಗ ಮೇಕೆಗಳನ್ನು ಎದುರುಬದುರು ನಿಲ್ಲಿಸಿ, ಕೊರಳಿಗೆ ಕೊರಳು ಸೇರಿಸಿ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟುವುದನ್ನು, ಜೀವನವಿಡೀ ಕೊಟ್ಟಿಗೆ ನೋಡಿಕೊಂಡ ಆಯಿ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಮುಂದೆ ಹೋಗುವವರು ಚಹಾಪುಡಿಯ ಜೊತೆಗೆ ನಮ್ಮ ಕಡೆಯ ಕಾಳುಮೆಣಸನ್ನೂ ಒಯ್ಯಿರಿ. ಅದನ್ನು ಅವರು ಬಹಳ ಪ್ರೀತಿಯಿಂದ ಸ್ವೀಕರಿಸಿದರು.