ಸಹಾಯ ಬೇಕು: ಸ್ಟೀನ್ಸ್ ಬೆಟ್ಟದ ಸುತ್ತು ಪೂರ್ತಿ ಹೊಡೆಯಬಹುದಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒರೆಗಾನ್‌ನಲ್ಲಿ ಸ್ಟೀನ್ಸ್ ಬೆಟ್ಟವನ್ನು ಕಾರಲ್ಲಿ ಸುತ್ತಿದವರು ಯಾರಾದರೂ ಇದ್ದೀರಾ? ಫ್ರೆಂಚ್‌ಗ್ಲೆನ್ ಅನ್ನುವ ಊರಿನ ಹತ್ತಿರ ಶುರುವಾಗುವ, ಸುಮಾರು 52 ಮೈಲಿಯ ಜಲ್ಲಿ ಸುತ್ತುದಾರಿ ಅಲ್ಲಿದೆ. ಆಗಸ್ಟ್ ಕೊನೆಗೆ ಅಪ್ಪ ಅಮ್ಮನ ಜೊತೆ ಹೊರಟಿದ್ದೇನೆ.

ಹೋದ ವರ್ಷ ಇಂಥದ್ದೇ ಜಲ್ಲಿ ರಸ್ತೆಯಲ್ಲಿ ಚೂಪು ಕಲ್ಲು ತಾಗಿ ಬಾಡಿಗೆ ಕಾರಿನ ಟೈರು ಪಕ್ಕದಲ್ಲಿ ಸೀಳಿತ್ತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಬದಲು ಒಂದು ಪಂಪು, ಒಂದು ಡಬ್ಬಿ ಅಂಟು! ಸೀಳಿದ ಟೈರಿಗೆ ಅಂಟು ಹಾಕಿ ಏನು ಮಾಡೋದು? ಬಿಸಿಲಲ್ಲಿ ಮೂರು ಗಂಟೆ ಸುಮ್ನೆ ಕೂತಿದ್ದೆವು. ಈ ಸಲ ಸ್ಟೆಪ್ನಿ ಇರುವ ಕಾರನ್ನೇ ಕೇಳಿ ಬುಕ್ ಮಾಡಿದ್ದೇನೆ. ಆಲ್ ವೀಲ್ ಡ್ರೈವ್ ಕೂಡ ಇದೆ. ಆದರೆ ನೆಲದಿಂದ ಎತ್ತರ ಏಳೇ ಇಂಚು.

ಉತ್ತರದ ದಾರಿ ಬಗ್ಗೆ ಚಿಂತೆಯಿಲ್ಲ. ಕೈಗರ್ ಕಣಿವೆ ನೋಡಿಕೊಂಡು ತುದಿ ಮುಟ್ಟಬಹುದು. ಅಲ್ಲಿಂದ ಒಂದು ಮೈಲಿಗಿಂತ ಜಾಸ್ತಿ ಕೆಳಗೆ ಆಲ್ವರ್ಡ್ ಮರುಭೂಮಿ ಬೆಳ್ಳಗೆ ಹರಡಿರುತ್ತದೆ. ಅಮ್ಮನಿಗೆ ಅದನ್ನೇ ತೋರಿಸಬೇಕು.

ತಲೆ ಕೆಡಿಸಿರುವುದು ದಕ್ಷಿಣದ ಇಳಿಜಾರು. ರೂಸ್ಟರ್ ಕೋಂಬ್ ಅನ್ನುವ ಜಾಗದಲ್ಲಿ ದಾರಿ ಕಡಿದು, ಕಿರಿದು, ಬರೀ ಕಲ್ಲು. ನಕ್ಷೆ ನೋಡಿದೆ, ವಿಡಿಯೊಗಳನ್ನೂ ನೋಡಿದೆ. ಒಬ್ಬರು ಆರಾಮಾಗಿ ಇಳಿದೆ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ. ಗಾಡಿ ಯಾವುದು ಅಂತ ಮಾತ್ರ ಯಾರೂ ಹೇಳಲ್ಲ!

ಏಳು ಇಂಚಿನ ಕಾರಲ್ಲಿ, ರಸ್ತೆ ಒಣಗಿದ್ದಾಗ, ರೂಸ್ಟರ್ ಕೋಂಬ್ ಇಳಿದವರು ಇದ್ದೀರಾ? ತಳ ಕಲ್ಲಿಗೆ ತಾಗಿತಾ? ಇಲ್ಲಾ ತುದಿ ನೋಡಿ, ಹೋದ ದಾರಿಯಲ್ಲೇ ವಾಪಸ್ ಬರೋದು ವಾಸಿನಾ?