ಆ ಅಗಲವಾದ ರಸ್ತೆಯ ಬಗ್ಗೆ ಒಂದು ಮಾತು

ಪುಟ್ಟಾ, ನೀನು ಕೊಳ್ಳಬೇಕು ಅಂತಿರುವ ಮನೆಯದು ಅಂತ ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಫೋಟೊ ಎಲ್ಲ ನೋಡಿದೆ. ಊರಂಚಿನ ಬಡಾವಣೆ, ಎರಡು ಮಹಡಿ, ಸುತ್ತ ಒಂದಿಷ್ಟು ಅಂಗಳ. ಮನೆ ನಿಜಕ್ಕೂ ಚೆನ್ನಾಗಿದೆ. ಸ್ವಲ್ಪ ಉದ್ದ ಮಾತಾಡ್ತೀನಿ, ಪೂರ್ತಿ ಕೇಳು.

ಮುಂದಿನ ರಸ್ತೆ ಎಷ್ಟು ಅಗಲ, ಎಷ್ಟು ನೇರ ಅಂತ ಎಲ್ಲರೂ ಖುಷಿಪಟ್ಟರು. ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ನನಗೆ ಚಿಂತೆ ಹತ್ತಿದ್ದೇ ಆ ರಸ್ತೆ ನೋಡಿ. ಅಗಲವಾಗಿ, ನೇರವಾಗಿ ಇದ್ದರೆ ಗಾಡಿ ಓಡಿಸುವವರ ಕಾಲು ತಾನಾಗೇ ಜೋರಾಗಿ ಒತ್ತುತ್ತದೆ. ನಿಧಾನವಾಗಿ ಹೋಗಿ ಅಂತ ಬೋರ್ಡ್ ಹಾಕಿದರೂ ಅಷ್ಟೇ. ವೇಗ 30ರಿಂದ 60ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲೋಕೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೂರ ಬೇಕು. ಮಗು ಚೆಂಡಿನ ಹಿಂದೆ ಓಡುವಾಗ ಆಚೀಚೆ ನೋಡುತ್ತಾ, ಹೇಳು?

ಇನ್ನೊಂದು, ನೀನು ಕಳಿಸಿದ ಮ್ಯಾಪಿನಲ್ಲಿ ಆ ರಸ್ತೆ ಎರಡು ಮುಖ್ಯರಸ್ತೆಗಳನ್ನು ಸೇರಿಸುತ್ತದೆ. ಅಲ್ಲಿ ಜಾಮ್ ಆದಾಗ ಎಲ್ಲರೂ ಇಲ್ಲಿ ನುಗ್ಗುತ್ತಾರೆ. ನೀನು ಹೋಗಿದ್ದು ರಜೆಯ ದಿನ ಬೆಳಿಗ್ಗೆ, ಆಗ ಎಲ್ಲ ಕಡೆನೂ ನಿಶ್ಶಬ್ದವೇ.

ಇದು ಬರೀ ಅಪಘಾತದ ಭಯ ಅಲ್ಲ. 1969ರಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನುವ ನಗರ ವಿನ್ಯಾಸದ ಪ್ರಾಧ್ಯಾಪಕರು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ಥರದ ಮನೆಗಳಿದ್ದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ತಲಾ ಮೂವರು ಸ್ನೇಹಿತರು, ಜಾಸ್ತಿ ಇದ್ದ ಕಡೆ ಒಬ್ಬರೂ ಪೂರ್ತಿ ಇಲ್ಲ. "ನಿಮ್ಮ ಜಾಗ ಯಾವುದು" ಅಂದಾಗ ಮೊದಲಿನವರು ಇಡೀ ಬೀದಿಯನ್ನೇ ತೋರಿಸಿದರು. ಗದ್ದಲದ ಬೀದಿಯವರು ತಮ್ಮ ಕಟ್ಟಡವನ್ನಷ್ಟೇ ತೋರಿಸಿದರು. ನಿನ್ನ ಮಕ್ಕಳು ಎದುರುಮನೆಗೆ ತಾವೇ ಹೋಗಿ ಬರುವ ಹಾಗಿರಬೇಕು ಅಂತ ನನಗೆ ತುಂಬಾ ಆಸೆ.

ಅಡುಗೆಮನೆ ಚಿಕ್ಕದು ಅಂತ ನೀನು ಬೇಡ ಅಂದ ಹಳೇ ಮನೆ ಇದೆಯಲ್ಲ, ಒಳರಸ್ತೆ ಮುಗಿಯುವಲ್ಲಿ, ಅದನ್ನು ಇನ್ನೊಂದು ಸಲ ನೋಡು, ಅಲ್ಲಿ ಹಾದುಹೋಗುವ ಗಾಡಿಗಳ ಕಾಟ ಇರಲ್ಲ. ಅಡುಗೆಮನೆಯನ್ನು ಆಮೇಲೆ ದೊಡ್ಡದು ಮಾಡಿಸಬಹುದು. ಆದರೆ ಅಂಥ ಕೊನೆಮುಚ್ಚಿದ ರಸ್ತೆಯಲ್ಲಿ ನಡೆದು ಹೋಗೋಕೆ ಹಿಂದಿನಿಂದ ಕಾಲುದಾರಿ ಇದೆಯಾ ಅಂತ ವಿಚಾರಿಸು. ಇಲ್ಲದಿದ್ದರೆ ಬಸ್ ಸ್ಟಾಪ್ ಪಕ್ಕದಲ್ಲೇ ಕಂಡರೂ ಸುತ್ತಿ ಹೋಗಬೇಕಾಗುತ್ತದೆ, ವಯಸ್ಸಾದವರಿಗೆ ಕಷ್ಟ.

ನೀರಿನ ವಿಷಯವೂ ಇದೆ. ನೂರು ಚದರ ಮೀಟರ್ ಚಾವಣಿ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೂ ಸಾವಿರ ಲೀಟರ್ ನೀರು. ಮನೆ ಸುತ್ತಲಿನ ನೆಲ ಗೋಡೆಯಿಂದ ಹೊರಗಡೆಗೆ ಇಳಿಜಾರಾಗಿರಬೇಕು, ಹತ್ತು ಅಡಿಗೆ ಆರು ಇಂಚಾದರೂ. ಗೋಡೆ ಕಡೆಗೇ ವಾಲಿದ್ದರೆ ನೀರು ಪಾಯದ ಹತ್ತಿರ ನಿಂತು, ತೇವ ಗೋಡೆ ಹತ್ತುತ್ತದೆ. ಗೋಡೆ ಬುಡದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳು.

ಮುಂಗಡ ಕೊಡುವ ಮುಂಚೆ ಕೆಲಸದ ದಿನ ಸಂಜೆ, ಆಫೀಸು ಬಿಡುವ ಹೊತ್ತಿಗೆ, ಎರಡೂ ಮನೆ ಮುಂದೆ ಅರ್ಧ ಗಂಟೆ ನಿಲ್ಲು. ಅಕ್ಕಪಕ್ಕದವರನ್ನು ಮಾತಾಡಿಸು. ಮಳೆ ಬಂದ ದಿನ ಇನ್ನೊಮ್ಮೆ ಹೋಗಿ, ನೀರು ಎತ್ತ ಹರಿಯುತ್ತದೆ ಅಂತ ವಿಡಿಯೊ ಮಾಡಿ ಇಲ್ಲೇ ಹಾಕು, ಚಿಕ್ಕಪ್ಪನೂ ನೋಡಲಿ.