ಮಾಡಿಫೈ ಮಾಡಿದ ಸುಬಾರು ಎಸ್‌ಟಿಐ: ಇದ್ದ ಹಾಗೇ ಮಾರಲಾ, ಸ್ಟಾಕ್‌ಗೆ (ಕಂಪನಿಯಿಂದ ಬಂದ ರೂಪಕ್ಕೆ) ತರಲಾ?

ಪ್ರಶ್ನೆ
2013ರ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ, 92,000 ಮೈಲಿ, ಕ್ಯಾಲಿಫೋರ್ನಿಯಾ ರಿಜಿಸ್ಟ್ರೇಷನ್. ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲದ ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಬರೋ ಕೊಳವೆ), ದೊಡ್ಡ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಎಳೆಯೋ ಕೊಳವೆ), ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸಸ್ಪೆನ್ಷನ್), ಕಾಬ್ ಕಂಪನಿಯ ಆ್ಯಕ್ಸೆಸ್‌ಪೋರ್ಟ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸೋ ಸಾಧನ) ಹಾಕಿದ ಟ್ಯೂನ್ ಇದೆ. ಒರಿಜಿನಲ್ ಪಾರ್ಟ್ಸ್ ಎಲ್ಲ ಗ್ಯಾರೇಜಲ್ಲಿವೆ. ಡೀಲರ್‌ಗೆ ಕೊಡೋ ಮನಸ್ಸಿಲ್ಲ. ಏನೇನು ಬಿಚ್ಚಬೇಕು?

ಉತ್ತರ 1
ಡೌನ್‌ಪೈಪ್, ಇನ್‌ಟೇಕ್, ಟ್ಯೂನ್ ಮೂರೂ ಹೋಗಲೇಬೇಕು ಸರ್. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ (ಹೊಗೆ ತಪಾಸಣೆ) ಸರ್ಟಿಫಿಕೇಟ್ ಕೊಡೋ ಹೊಣೆ ಮಾರುವವರದು, ಅದು 90 ದಿನ ನಡೆಯುತ್ತೆ. ಇನ್‌ಟೇಕ್‌ಗೆ ಕಾರ್ಬ್‌ನ (ರಾಜ್ಯದ ವಾಯು ಮಂಡಳಿ) ಇಒ ನಂಬರ್, ಅಂದರೆ ಅನುಮತಿ ಸಂಖ್ಯೆ, ಇಲ್ಲದಿದ್ದರೆ ಕಣ್ಣಲ್ಲಿ ನೋಡಿಯೇ ಫೇಲ್ ಮಾಡ್ತಾರೆ. 2021ರ ಜುಲೈಯಿಂದ ಇಸಿಯು (ಎಂಜಿನ್ ಕಂಪ್ಯೂಟರ್) ಸಾಫ್ಟ್‌ವೇರ್ ಬದಲಾಗಿದೆಯಾ ಅಂತಲೂ ನೋಡ್ತಾರೆ.

ಜನ ಎಡವೋದು ಕ್ರಮದಲ್ಲಿ. ಮೊದಲು ಪಾರ್ಟ್ಸ್ ಬದಲಿಸಿ, ಆಮೇಲೆ ಬ್ಯಾಟರಿಗೆ ಚಾರ್ಜರ್ ಹಾಕಿಕೊಂಡು ಆ್ಯಕ್ಸೆಸ್‌ಪೋರ್ಟ್ ಅನ್‌ಇನ್‌ಸ್ಟಾಲ್ ಮಾಡಿ. ಅಲ್ಲಿವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ದೊಡ್ಡ ಇನ್‌ಟೇಕ್ ಉಳಿಸಿಕೊಂಡು ಬರೀ ಸ್ಟಾಕ್ ಮ್ಯಾಪ್ (ಕಂಪನಿಯ ಮೂಲ ಸಾಫ್ಟ್‌ವೇರ್) ಹಾಕಿದರೆ, ಅಗಲವಾದ ಕೊಳವೆಯಲ್ಲಿ ಗಾಳಿ ನಿಧಾನ ಹರಿಯುತ್ತೆ, ಗಾಳಿ ಅಳೆಯೋ ಮ್ಯಾಫ್ ಸೆನ್ಸರ್ ಕಡಿಮೆ ತೋರಿಸುತ್ತೆ, ಇಸಿಯು ಪೆಟ್ರೋಲ್ ಕಮ್ಮಿ ಬಿಡುತ್ತೆ. ಬೂಸ್ಟ್‌ನಲ್ಲಿ (ಟರ್ಬೋ ಒತ್ತಡದಲ್ಲಿ) ಎಂಜಿನ್ ನಾಕ್ ಹೊಡೆದರೆ (ಪೆಟ್ರೋಲ್ ತಪ್ಪಾಗಿ ಸಿಡಿದರೆ) ಈ ಇಜೆ257 ಎಂಜಿನ್‌ನ ಪಿಸ್ಟನ್ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಅಂಚು) ಮುರಿಯಬಹುದು, ಹೆಚ್ಚಾಗಿ 4ನೇ ಸಿಲಿಂಡರಲ್ಲೇ.

ಟರ್ಬೋ ಮತ್ತು ಡೌನ್‌ಪೈಪ್ ನಡುವಿನ ಗ್ಯಾಸ್ಕೆಟ್ ಹೊಸದೇ ಹಾಕಿ. ಹಿಂದಿನ ಒ2 (ಆಕ್ಸಿಜನ್) ಸೆನ್ಸರ್‌ಗೆ ಸ್ಪೇಸರ್ ಇದ್ದರೆ ತೆಗೀರಿ. ಸಾಫ್ಟ್‌ವೇರ್ ಫ್ಲ್ಯಾಶ್ ಆದಮೇಲೆ ರೆಡಿನೆಸ್ ಮಾನಿಟರ್‌ಗಳೆಲ್ಲ (ಇಸಿಯು ತಾನೇ ಮಾಡಿಕೊಳ್ಳೋ ತಪಾಸಣೆಗಳ ದಾಖಲೆ) ಅಳಿಸಿಹೋಗಿರುತ್ತವೆ. ಟ್ಯಾಂಕ್ ಅರ್ಧ ಇಟ್ಟುಕೊಂಡು ಕೆಲವು ದಿನ ಓಡಿಸಿ, ಎರಡು ಮೂರು ಕೋಲ್ಡ್ ಸ್ಟಾರ್ಟ್ ಆಗಲಿ. ಇವ್ಯಾಪ್ (ಪೆಟ್ರೋಲ್ ಆವಿ ವ್ಯವಸ್ಥೆ) ಒಂದು ಬಾಕಿ ಇದ್ದರೆ ನಡೆಯುತ್ತೆ, ಬೇರೆ ಯಾವುದೂ ಬಾಕಿ ಇರಬಾರದು.

ಕಾಯಿಲೋವರ್ ಸ್ಮಾಗ್‌ಗೆ ಸಂಬಂಧವಿಲ್ಲ. ಬಿಚ್ಚಿದರೆ ಅಲೈನ್‌ಮೆಂಟ್ ಮರೀಬೇಡಿ.

ಉತ್ತರ 2
ಇದನ್ನು ಕೊಳ್ಳೋಕೆ ಬರುವವರು ರಿಂಗ್ ಲ್ಯಾಂಡ್ ವಿಷಯ ತಿಳಿದೇ ಬರ್ತಾರೆ. ಜಾಹೀರಾತು ಹಾಕೋ ಮುಂಚೆಯೇ ಬಿಸಿ ಎಂಜಿನ್‌ನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಟೆಸ್ಟ್ ಮಾಡಿಸಿ, ಜೊತೆಗೆ ಲೀಕ್‌ಡೌನ್ (ಸಿಲಿಂಡರಿಂದ ಗಾಳಿ ಎಷ್ಟು ಸೋರುತ್ತೆ ಅನ್ನೋ ಪರೀಕ್ಷೆ). ನಾಲ್ಕೂ ಸಿಲಿಂಡರ್ ಅಂಕಿಗಳನ್ನು ಶಾಪ್‌ನ ಹಾಳೆಯಲ್ಲೇ ಬರೆಸಿ ಅದರ ಫೋಟೋ ಹಾಕಿ. ಟ್ಯೂನ್ ಇತ್ತು ಅನ್ನೋದನ್ನು ಬಚ್ಚಿಡಬೇಡಿ. ಡೌನ್‌ಪೈಪ್ ಬೋಲ್ಟ್ ಮೇಲಿನ ಸ್ಪ್ಯಾನರ್ ಗುರುತೇ ಹೇಳಿಬಿಡುತ್ತೆ. ಹಾಕಿದ ಪಾರ್ಟ್ಸ್ ಬೆಲೆಯನ್ನು ಕಾರಿನ ಬೆಲೆಗೆ ಕೂಡಿಸೋದು ಬೇಡ, ಅದು ವಾಪಸ್ ಬರಲ್ಲ.

ಉತ್ತರ 3
ಟೆಸ್ಟ್ ಡ್ರೈವ್‌ಗೆ ಕೊಳ್ಳುವವರ ಲೈಸೆನ್ಸ್, ಇನ್ಶೂರೆನ್ಸ್ ನೋಡಿಯೇ ಕೀ ಕೊಡಿ, ಪಕ್ಕದಲ್ಲಿ ನೀವೇ ಕೂತಿರಿ. ದುಡ್ಡಿನ ವ್ಯವಹಾರ ಅವರ ಬ್ಯಾಂಕ್ ಬ್ರಾಂಚಲ್ಲೇ ಆಗಲಿ, ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಕೊಡೋ ಚೆಕ್) ಕಣ್ಣೆದುರು ಮಾಡಿಸಿಕೊಳ್ಳಿ. ಟೈಟಲ್‌ನಲ್ಲಿ (ಕಾರಿನ ಮಾಲೀಕತ್ವದ ಪತ್ರ) ಸಹಿ ಜೊತೆ ಓಡೋಮೀಟರ್ ಅಂಕಿ ಬರೀಬೇಕು, 2011 ಮತ್ತು ಅದರ ನಂತರದ ಮಾಡೆಲ್‌ಗೆ ಅದು ಕಡ್ಡಾಯ. ಮಾರಿದ 5 ದಿನದೊಳಗೆ ಡಿಎಂವಿಗೆ (ರಾಜ್ಯದ ವಾಹನ ಇಲಾಖೆ) ರಿಲೀಸ್ ಆಫ್ ಲಯಬಿಲಿಟಿ (ಕಾರು ಮಾರಿದೆ ಅನ್ನೋ ನೋಟಿಸ್) ಆನ್‌ಲೈನಲ್ಲಿ ಕೊಡಿ, ಇಲ್ಲದಿದ್ದರೆ ಕೊಂಡವರ ಪಾರ್ಕಿಂಗ್ ಟಿಕೆಟ್ ನಿಮ್ಮ ಮನೆಗೆ ಬರುತ್ತೆ. ಟೋಲ್ ಕಟ್ಟೋ ಫಾಸ್‌ಟ್ರ್ಯಾಕ್ ಟ್ಯಾಗ್ ಕಿತ್ತುಕೊಳ್ಳಿ.

ಪ್ರಶ್ನೆ ಕೇಳಿದವರು
ಆ್ಯಕ್ಸೆಸ್‌ಪೋರ್ಟ್ ಬೇರೆಯಾಗಿ ಮಾರಬಹುದಾ? ಡೌನ್‌ಪೈಪ್?

ಉತ್ತರ 1
ಅನ್‌ಇನ್‌ಸ್ಟಾಲ್ ಆಗಿದ್ದರೆ ಆ್ಯಕ್ಸೆಸ್‌ಪೋರ್ಟ್ ಮಾರಬಹುದು, ಇಲ್ಲದಿದ್ದರೆ ಅದು ನಿಮ್ಮ ಕಾರಿಗೇ ಲಾಕ್ ಆಗಿರುತ್ತೆ. ಡೌನ್‌ಪೈಪ್ ಮಾತ್ರ ಕಾರಿನ ಜೊತೆ ಪುಕ್ಕಟೆಯಾಗಿಯೂ ಕೊಡಬೇಡಿ. ಕ್ಯಾಟ್ ತೆಗೆಸೋ ಪಾರ್ಟ್ ಮಾರೋದು ಫೆಡರಲ್ ಕ್ಲೀನ್ ಏರ್ ಆ್ಯಕ್ಟ್‌ಗೇ ವಿರುದ್ಧ, ಗುಜರಿಗೆ ಹಾಕಿ.